ಹಳೆಯ ಸ್ಪೋರ್ಟ್ಸ್ ಕಾರಿನ ಹಿಂಬದಿಯಲ್ಲಿ ‘ಟಕ್’ ಸದ್ದು: ಸವೆದ ಕ್ರಾಸ್ ಜಾಯಿಂಟ್ ಪತ್ತೆಹಚ್ಚುವ ಬಗೆ

ಕ್ಲಚ್ ಬಿಟ್ಟ ಕ್ಷಣ ಸೀಟಿನ ಹಿಂದಿನಿಂದ ಒಂದು ‘ಟಕ್’. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇನ್ನೊಂದು. ಕೇಳಿದವರಲ್ಲಿ ಹೆಚ್ಚಿನವರು ಮೊದಲು ದೂರುವುದು ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಅನ್ನು. ಅದನ್ನು ಇಳಿಸಿ, ಬಿಚ್ಚಿ, ದೊಡ್ಡ ಖರ್ಚು ಮಾಡಿ ಮತ್ತೆ ಕೂರಿಸಿದ ಮೇಲೂ ಸದ್ದು ಹಾಗೇ ಇರುವುದುಂಟು. ಏಕೆಂದರೆ ಹಳೆಯ ಕಾರುಗಳಲ್ಲಿ ಈ ಸದ್ದಿನ ಮೂಲ ಬಹಳ ಸಲ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಥವಾ ಅಲ್ಲಿಂದ ಚಕ್ರಕ್ಕೆ ಒಯ್ಯುವ ಹಾಫ್ ಶಾಫ್ಟ್‌ನ ಕ್ರಾಸ್‌ನಲ್ಲೇ, ಅಂದರೆ ಕೋನದಲ್ಲೂ ಬಲ ದಾಟಿಸುವ ಯೂನಿವರ್ಸಲ್ ಜಾಯಿಂಟ್‌ನಲ್ಲೇ ಇರುತ್ತದೆ.

ಇಲ್ಲಿ ಕಿವಿಯನ್ನು ಪೂರ್ತಿ ನಂಬುವಂತಿಲ್ಲ. ಸದ್ದು ಶಾಫ್ಟ್‌ನ ಕೊಳವೆಯಲ್ಲೂ ಬಾಡಿಯ ತಗಡಿನಲ್ಲೂ ಹರಿದು ಬರುವುದರಿಂದ ಮುಂದಿನ ಕ್ರಾಸ್‌ನ ಸದ್ದು ಹಿಂದಿನಿಂದ ಬಂದಂತೆ ಕೇಳಿಸಬಹುದು. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಕಿವಿಯಿಂದ ತಿಳಿಯಿರಿ. ಎಲ್ಲಿಂದ ಎಂಬುದಕ್ಕೆ ಒಂದೇ ಪುರಾವೆ: ಕ್ರಾಸ್‌ನ ಎರಡು ಬದಿಯ ಯೋಕ್‌ಗಳ (ಕ್ರಾಸ್ ಹಿಡಿದಿರುವ ಕವಲುಗಳ) ಪೈಕಿ ಒಂದು ಅಲುಗಾಡುವಾಗ ಇನ್ನೊಂದು ಸುಮ್ಮನಿರುವುದು. ಮುಂದಿನ ಪರೀಕ್ಷೆಗಳೆಲ್ಲ ಇದನ್ನು ಕಣ್ಣಾರೆ ಕಾಣಲೆಂದೇ.

ನಿಮ್ಮ ಕಾರಿನಲ್ಲಿ ಎಷ್ಟು ಜಾಯಿಂಟ್ ಇವೆ?

ಮೊದಲು ಇದನ್ನು ಎಣಿಸಿಕೊಳ್ಳಿ. ಎಂಜಿಬಿಯಂಥ (1962–1980) ಗಟ್ಟಿ ಆಕ್ಸಲ್ ಕಾರಿನಲ್ಲಿ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಗೆ ಎರಡು ಕ್ರಾಸ್, ಅಷ್ಟೇ. ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಅವುಗಳ ಜೊತೆಗೆ ಡಿಫರೆನ್ಷಿಯಲ್ ಪಕ್ಕದಲ್ಲಿ ಬದಿಗೊಂದು ಇರುತ್ತದೆ. ಟ್ರಯಂಫ್ ಟಿಆರ್6ರಲ್ಲಿ ಪ್ರತಿ ಹಾಫ್ ಶಾಫ್ಟ್‌ಗೆ ಎರಡು ಕ್ರಾಸ್ ಮತ್ತು ನಡುವೆ ಜಾರುವ ಸ್ಪ್ಲೈನ್ (ಒಂದಕ್ಕೊಂದು ಕೂರುವ ಉದ್ದ ಹಲ್ಲುಗಳ ಜೋಡಣೆ). 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನಲ್ಲಿ ಒಟ್ಟು ಆರು ಕ್ರಾಸ್‌ಗಳು; ಹಾಫ್ ಶಾಫ್ಟ್‌ನ ನಾಲ್ಕಕ್ಕೆ ಅಲ್ಲಿ ಇನ್ನೊಂದು ಹೊಣೆಯೂ ಇದೆ, ಅದು ಮುಂದೆ ಬರುತ್ತದೆ. ಮೊದಲ ಲೋಟಸ್ ಎಲಾನ್‌ನ ಹಾಫ್ ಶಾಫ್ಟ್‌ಗಳಲ್ಲಿ ಕ್ರಾಸ್ ಬದಲು ರೋಟೋಫ್ಲೆಕ್ಸ್ ಎಂಬ ರಬ್ಬರ್ ಕಪ್ಲಿಂಗ್. ಆಲ್ಫಾ ರೋಮಿಯೋ ಸ್ಪೈಡರ್‌ನಲ್ಲಿ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸ್ ಬಳಿ ರಬ್ಬರ್ ಕಪ್ಲಿಂಗ್, ನಡುವೆ ಸೆಂಟರ್ ಬೇರಿಂಗ್.

ಒಂದು ಸವೆದಿದ್ದರೆ ಅದೇ ವಯಸ್ಸಿನ ಉಳಿದವೂ ಅದೇ ದಾರಿಯಲ್ಲಿ ಇರುತ್ತವೆ. ಆದ್ದರಿಂದ ಒಂದರಲ್ಲಿ ಪ್ಲೇ, ಅಂದರೆ ಸಡಿಲ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಎಲ್ಲವನ್ನೂ ನೋಡಿ.

ಕಾರಿನ ಕೆಳಗೆ ಹೋಗುವ ಮೊದಲು

ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ಕೂರಬೇಕು, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಇಡಬೇಕು. ಕೆಳಗೆ ತೂರುವ ಮೊದಲು ಕಾರನ್ನು ಕೈಯಿಂದ ಬಲವಾಗಿ ಅಲ್ಲಾಡಿಸಿ ನೋಡಿ.

ಗೇರ್‌ನಲ್ಲಿ ಇಟ್ಟರೆ ಕಾರು ನಿಲ್ಲುವುದು ಪ್ರೊಪೆಲ್ಲರ್ ಶಾಫ್ಟ್ ಜೋಡಿಸಿರುವವರೆಗೆ ಮಾತ್ರ. ಶಾಫ್ಟ್ ಬಿಚ್ಚಿದ ಕ್ಷಣ ಗೇರ್‌ಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಇ-ಟೈಪ್‌ನಲ್ಲಿ ಹಿಂದಿನ ಡಿಸ್ಕ್ ಬ್ರೇಕ್‌ಗಳು ಚಕ್ರದಲ್ಲಿಲ್ಲ, ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಹಾಗಾಗಿ ಹಾಫ್ ಶಾಫ್ಟ್ ಬಿಚ್ಚಿದರೆ ಆ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಕೂಡ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ, ಗೇರ್ ಬಿದ್ದಿರುವಾಗ ಕೆಳಗೆ ಯಾರೂ ಇರಕೂಡದು. ತಿರುಗುವ ಶಾಫ್ಟ್ ಅಂಗಿಯ ತೋಳನ್ನು ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಲಕ್ಷಣ: ಕ್ಲಚ್ ಬಿಟ್ಟಾಗ, ಕಾಲು ತೆಗೆದಾಗ ಒಂದೇ ‘ಟಕ್’

ಬಲದ ದಿಕ್ಕು ಬದಲಾದಾಗ ಸಾಲಿನಲ್ಲಿರುವ ಪ್ಲೇ ಎಲ್ಲ ಒಂದೇ ಸಲಕ್ಕೆ ಮುಚ್ಚಿಕೊಳ್ಳುವ ಸದ್ದು ಇದು. ಪ್ಲೇ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ಖರ್ಚಿಲ್ಲದ ಜಾಗಗಳಿಂದ ಶುರುಮಾಡಿ.

ಮೊದಲು ಚಕ್ರದ ನಟ್‌ಗಳು ಬಿಗಿಯಿವೆಯೇ ನೋಡಿ. ಕಡ್ಡಿ ಚಕ್ರ, ಅಂದರೆ ವೈರ್ ವೀಲ್ ಇದ್ದರೆ ಇನ್ನೂ ಎಚ್ಚರ ಬೇಕು: ಹಬ್‌ನ ಸ್ಪ್ಲೈನ್ ಸವೆದಾಗ ಬರುವ ಸದ್ದು ಸವೆದ ಕ್ರಾಸ್‌ನದ್ದೇ ಎನ್ನುವಷ್ಟು ಹೋಲುತ್ತದೆ. ಚಕ್ರ ಎತ್ತಿ, ಹಬ್ ತಿರುಗದಂತೆ ಬ್ರೇಕ್ ಒತ್ತಿಸಿ, ಚಕ್ರವನ್ನು ತಿರುಗುವ ದಿಕ್ಕಿನಲ್ಲಿ ಹಿಂದೆ ಮುಂದೆ ಅಲುಗಿಸಿ. ಹಬ್ ನಿಂತೇ ಇದ್ದು ಚಕ್ರ ಮಾತ್ರ ಅಲುಗಿದರೆ ದೋಷ ಸ್ಪ್ಲೈನ್‌ನದು. ಚಕ್ರ ಕಳಚಿ ನೋಡಿದರೆ ಸ್ಪ್ಲೈನ್ ಹಲ್ಲುಗಳ ತುದಿ ಚಪ್ಪಟೆಯಾಗಿರುವ ಬದಲು ಚೂಪಾಗಿರುತ್ತದೆ. ಇದನ್ನು ಹಾಗೇ ಓಡಿಸಬೇಡಿ. ಸ್ಪ್ಲೈನ್ ಪೂರ್ತಿ ಹೋದರೆ ಚಾಲನೆಯೂ ಬ್ರೇಕೂ ಆ ಚಕ್ರಕ್ಕೆ ತಲುಪುವುದಿಲ್ಲ.

ಆಮೇಲೆ ಫ್ಲಾಂಜ್ ಬೋಲ್ಟ್‌ಗಳು, ಅಂದರೆ ಶಾಫ್ಟ್ ತುದಿಯ ತಟ್ಟೆಯನ್ನು ಜೋಡಿಸುವ ಬೋಲ್ಟ್‌ಗಳು. ಶಾಫ್ಟ್‌ನ ಎರಡೂ ತುದಿಯ ಪ್ರತಿ ಬೋಲ್ಟ್‌ಗೂ ಸ್ಪ್ಯಾನರ್ ಹಾಕಿ ನೋಡಿ. ಸಡಿಲವಾದ ಬೋಲ್ಟ್ ಸುತ್ತ ಬಣ್ಣ ಉಜ್ಜಿ ಹೋಗಿ ಲೋಹ ಹೊಳೆಯುತ್ತಿರುತ್ತದೆ, ಇಲ್ಲವೇ ತುಕ್ಕಿನ ಗೆರೆ ಇಳಿದಿರುತ್ತದೆ. ಸಡಿಲ ಸಿಕ್ಕಿದರೆ ಸುಮ್ಮನೆ ಬಿಗಿ ಮಾಡಿ ಬಿಡಬೇಡಿ. ಅಲುಗಾಡಿದ ಬೋಲ್ಟ್ ತೆಗೆದು, ಅದೇ ದರ್ಜೆಯ ಹೊಸ ಬೋಲ್ಟ್ ಮತ್ತು ಹೊಸ ನೈಲಾಕ್ ನಟ್ ಹಾಕಿ. ರಂಧ್ರ ಅಂಡಾಕಾರವಾಗಿದೆಯೇ ಎಂದೂ ನೋಡಿಕೊಳ್ಳಿ.

ಮೂರನೆಯದು ಮೌಂಟ್‌ಗಳು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಇವುಗಳ ರಬ್ಬರ್ ಹರಿದಿದ್ದರೆ ಆ ಭಾಗ ಇಡಿಯಾಗಿ ಎದ್ದು ಬಡಿಯುತ್ತದೆ. ಆಗ ಬರುವುದು ಗಡಸು ‘ಟಕ್’ ಅಲ್ಲ, ಸ್ವಲ್ಪ ಮಂದವಾದ ‘ಧಡ್’. ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಇರುವ ಟಿಆರ್4ಎಯಿಂದ ಟಿಆರ್6ರವರೆಗಿನ ಟ್ರಯಂಫ್‌ಗಳಲ್ಲಿ ಡಿಫರೆನ್ಷಿಯಲ್ ಹಿಡಿದಿರುವ ಚಾಸಿಯ ಪಿನ್‌ಗಳ ಬುಡವೇ ಬಿರುಕು ಬಿಡುತ್ತದೆ, ಇದು ಆ ಕಾರುಗಳ ಹೆಸರಾಂತ ಕಾಯಿಲೆ. ಟಾರ್ಚ್ ಹಿಡಿದು ಕೊಳೆ ಒರೆಸಿ ನೋಡದೆ ಅದು ಕಾಣದು. ಬಿರುಕು ಕಂಡರೆ ಕಾರು ಅಲ್ಲೇ ನಿಲ್ಲಬೇಕು. ಚಾಸಿ ವೆಲ್ಡಿಂಗ್ ತಿಳಿದವರ ಕೆಲಸ ಅದು.

ಇಷ್ಟೂ ಸರಿಯಿದ್ದರೆ ಕ್ರಾಸ್‌ಗೆ ಬನ್ನಿ. ಯಾರೂ ಕೆಳಗೆ ಹೋಗದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಮೇಲಿನ ಗೇರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಮುಂದಿನ ಚಕ್ರಗಳ ಎರಡೂ ಬದಿಗೆ ಒಂದು ಗೇಣು ಅಂತರದಲ್ಲಿ ಅಡ್ಡೆ ಇಡಿ. ಕ್ರಾಸ್ ಕಾಣುವಂತೆ ಮೊಬೈಲನ್ನು ನೆಲದ ಮೇಲಿಟ್ಟು, ಟಾರ್ಚ್ ಹಚ್ಚಿ, ವಿಡಿಯೋ ಶುರುಮಾಡಿ. ಇನ್ನೊಬ್ಬರು ಕಾರನ್ನು ಹಿಂದೆ ಮುಂದೆ ತಳ್ಳಲಿ. ಆಮೇಲೆ ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿ. ಮೊದಲೇ ಎರಡು ಯೋಕ್‌ಗಳ ಮೇಲೆ ಒಂದೇ ಸಾಲಿನಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದರೆ ಗೆರೆ ಮುರಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಅಗ್ಗದ, ಇಷ್ಟು ಸುರಕ್ಷಿತವಾದ, ಇಷ್ಟು ಖಚಿತವಾದ ಪರೀಕ್ಷೆ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ವಿಡಿಯೋದಲ್ಲಿ ತಿಳಿಯದಿದ್ದರೆ ಕಾರು ಎತ್ತಿ ಕೈಯಿಂದ ನೋಡಿ. ಗಟ್ಟಿ ಆಕ್ಸಲ್ ಕಾರಾದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಕ್ರಾಸ್ ಪಕ್ಕದಲ್ಲಿ ಶಾಫ್ಟ್ ಹಿಡಿದು ತಿರುಚಿ. ಶಾಫ್ಟ್ ಜೊತೆ ಪಿನಿಯನ್ ಫ್ಲಾಂಜ್ (ಡಿಫರೆನ್ಷಿಯಲ್‌ನ ಮುಂದಿನ ಫ್ಲಾಂಜ್) ಕೂಡ ಅಷ್ಟೇ ತಿರುಗಿದರೆ ಅದು ಡಿಫರೆನ್ಷಿಯಲ್ ಒಳಗಿನ ಹಲ್ಲುಗಳ ಪ್ಲೇ. ಸ್ವಲ್ಪ ಪ್ಲೇ ಅಲ್ಲಿ ಇರಲೇಬೇಕು, ಇಲ್ಲದಿದ್ದರೆ ಹಲ್ಲುಗಳ ನಡುವೆ ಎಣ್ಣೆಗೆ ಜಾಗವಿರದು. ಫ್ಲಾಂಜ್ ನಿಂತು ಶಾಫ್ಟ್ ಮಾತ್ರ ಅಲುಗಿದರೆ ದೋಷ ಕ್ರಾಸ್‌ನದು. ಮುಂದಿನ ತುದಿಯಲ್ಲೂ ಹೀಗೇ ಗೇರ್‌ಬಾಕ್ಸ್ ಫ್ಲಾಂಜ್ ಮೇಲೆ ಕಣ್ಣಿಡಿ. ಬಳಿಕ ಯೋಕ್ ಮತ್ತು ಕ್ರಾಸ್ ನಡುವೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ, ಮೇಲೆ ಕೆಳಗೆ, ಅತ್ತಿತ್ತ ಮೀಟಿ ನೋಡಿ. ಕ್ರಾಸ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ, ಅದೆಷ್ಟೇ ಚಿಕ್ಕದಾಗಿರಲಿ, ಬದಲಾಯಿಸಬೇಕು. ‘ಇನ್ನು ಸ್ವಲ್ಪ ದಿನ ನಡೆಯುತ್ತದೆ’ ಎಂಬ ಲೆಕ್ಕ ಇಲ್ಲಿ ಬೇಡ.

ಇ-ಟೈಪ್‌ನಲ್ಲಿ ಬ್ರೇಕ್ ಒಳಗಡೆ ಇರುವುದು ಈ ಒಂದು ಪರೀಕ್ಷೆಗೆ ಅನುಕೂಲ. ಹ್ಯಾಂಡ್‌ಬ್ರೇಕ್ ಎಳೆದರೆ ಡಿಸ್ಕ್ ನಿಲ್ಲುತ್ತದೆ, ಡಿಫರೆನ್ಷಿಯಲ್‌ನ ಪ್ಲೇ ಲೆಕ್ಕದಿಂದ ಹೊರಗುಳಿಯುತ್ತದೆ. ಎತ್ತಿದ ಚಕ್ರವನ್ನು ತಿರುಗುವ ದಿಕ್ಕಿನಲ್ಲಿ ಅಲುಗಿಸಿದಾಗ ಸಿಗುವ ಪ್ಲೇ ಎಲ್ಲ ಆ ಬದಿಯ ಎರಡು ಕ್ರಾಸ್, ಹಬ್ ಮತ್ತು ಚಕ್ರದ ಸ್ಪ್ಲೈನ್‌ಗಳದ್ದೇ. ಡಿಸ್ಕ್ ನಿಜವಾಗಿ ನಿಂತಿದೆಯೇ ಎಂದು ಮಾತ್ರ ಖಾತ್ರಿಪಡಿಸಿಕೊಳ್ಳಿ.

ಲಕ್ಷಣ: ನಿಧಾನವಾಗಿ ಹೋಗುವಾಗ ‘ಕೀಚ್ ಕೀಚ್’

ನಡಿಗೆಯ ವೇಗದಲ್ಲಿ ತಾಳಬದ್ಧವಾಗಿ ಕೀಚಲು ಸದ್ದು, ವೇಗ ಹೆಚ್ಚಿದಂತೆ ಅದೂ ಚುರುಕಾಗಿ ಕೊನೆಗೆ ಇತರ ಸದ್ದಿನಲ್ಲಿ ಮುಳುಗುವುದು. ಇದು ಒಣಗಿದ ಕ್ರಾಸ್. ‘ಟಕ್’ ಸದ್ದಿಗಿಂತ ಮೊದಲೇ ಬರುವ ಎಚ್ಚರಿಕೆಯೂ ಹೌದು. ಸವೆತ ಶುರುವಾಗಿರುತ್ತದೆ, ಪ್ಲೇ ಇನ್ನೂ ಬಂದಿರುವುದಿಲ್ಲ.

ಖಚಿತಪಡಿಸಲು ಬೇರಿಂಗ್ ಕಪ್‌ಗಳ ಅಂಚು ನೋಡಿ. ಸೀಲ್ ಸುತ್ತ ಇಟ್ಟಿಗೆಯ ಬಣ್ಣದ ಕೆಂಪು ಪುಡಿ ಅಂಟಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಒಳಗಿನ ಗ್ರೀಸ್ ಹೋಗಿ, ಸೂಜಿ ಬೇರಿಂಗ್‌ಗಳು ಕ್ರಾಸ್‌ನ ಕಾಲನ್ನು ಉಜ್ಜಿ, ಆ ಉಕ್ಕು ತುಕ್ಕಿನ ಪುಡಿಯಾಗಿ ಹೊರಬರುತ್ತಿದೆ ಎಂದರ್ಥ.

ಗ್ರೀಸ್ ನಿಪ್ಪಲ್ ಇದ್ದರೆ ಅದನ್ನು ಒರೆಸಿ, ಕೈ ಗ್ರೀಸ್ ಗನ್‌ನಿಂದ ಎನ್‌ಎಲ್‌ಜಿಐ 2 ಎಂಬ ಗಟ್ಟಿತನದ ಲಿಥಿಯಂ ಗ್ರೀಸ್ ನಿಧಾನವಾಗಿ ತುಂಬಿ. ನಾಲ್ಕೂ ಕಪ್‌ಗಳ ಸೀಲ್‌ನಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಕಾಲಿನ ದಾರಿ ಕಟ್ಟಿಕೊಂಡಿದೆ, ಸವೆಯುತ್ತಿರುವುದೂ ಹೆಚ್ಚಾಗಿ ಅದೇ. ಗ್ರೀಸ್ ಹಾಕಿದ ಮೇಲೆ ಕೀಚಲು ನಿಂತು ಕೆಂಪು ಪುಡಿಯೂ ಇರದಿದ್ದರೆ ಸದ್ಯಕ್ಕೆ ಸಾಕು. ಪುಡಿ ಕಂಡಿದ್ದರೆ ಸದ್ದು ನಿಂತರೂ ಮೋಸಹೋಗಬೇಡಿ. ಹೋದ ಉಕ್ಕು ಗ್ರೀಸ್‌ನಿಂದ ವಾಪಸು ಬರುವುದಿಲ್ಲ. ನಿಪ್ಪಲ್ ಇಲ್ಲದ, ಮುಚ್ಚಿದ ಬಗೆಯ ಕ್ರಾಸ್ ಕೀಚಿದರೆ ಬದಲಾಯಿಸುವುದೊಂದೇ ದಾರಿ.

ವರ್ಷದ ಬಹುಪಾಲು ಷೆಡ್‌ನಲ್ಲೇ ನಿಲ್ಲುವ ಕಾರುಗಳಿಗೆ ಈ ತೊಂದರೆ ಹೆಚ್ಚು. ಸೂಜಿಗಳು ಒಂದೇ ಜಾಗದಲ್ಲಿ ಕೂತು, ತೇವ ಸೇರಿ, ಅಲ್ಲೇ ಗೆರೆ ಕೊರೆಯುತ್ತವೆ.

ಲಕ್ಷಣ: ಒಂದು ವೇಗ ದಾಟಿದ ಮೇಲೆ ನಡುಕ

ಇಲ್ಲಿ ಸ್ವಲ್ಪ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಸುತ್ತಳತೆ ಸುಮಾರು 1.9 ಮೀಟರ್ ಇರುವ ಟಯರ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 14–15 ಸುತ್ತು ತಿರುಗುತ್ತದೆ. ಅಂತಿಮ ಗೇರ್ ಅನುಪಾತ 3.9 ಇರುವ ಕಾರಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಆಗ ಸೆಕೆಂಡಿಗೆ 57ರ ಆಸುಪಾಸು. ಆದ್ದರಿಂದ ಚಕ್ರದ ಅಸಮತೋಲ ಒಂದೊಂದಾಗಿ ಎಣಿಸಬಹುದೇನೋ ಎನಿಸುವ ಒರಟು ಅಲುಗಾಟವಾಗಿ ಬರುತ್ತದೆ. ಶಾಫ್ಟ್‌ನದ್ದು ನೆಲದಲ್ಲೂ ಗೇರ್ ಲಿವರ್‌ನಲ್ಲೂ ಝುಮ್ಮೆನ್ನುವ ಸಣ್ಣ ಕಂಪನ. ಮೊದಲು ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿ, ಅದು ಅಗ್ಗ.

ನಡುಕ ಬರುವ ವೇಗದಲ್ಲಿ, ಖಾಲಿ ನೇರ ರಸ್ತೆಯಲ್ಲಿ, ಅದೇ ವೇಗವನ್ನು ಒಂದು ಕೆಳಗಿನ ಗೇರ್‌ನಲ್ಲಿ ಹಿಡಿದು ನೋಡಿ. ನಡುಕ ಬದಲಾಗದಿದ್ದರೆ ಎಂಜಿನ್ ನಿರ್ದೋಷಿ, ಹುಡುಕಬೇಕಾದದ್ದು ಗೇರ್‌ಬಾಕ್ಸ್‌ನಿಂದ ಹಿಂದೆ. ಓಡುವಾಗ ಇಗ್ನಿಷನ್ ಆರಿಸುವ ಪ್ರಯೋಗ ಮಾತ್ರ ಎಂದಿಗೂ ಬೇಡ, ಸ್ಟಿಯರಿಂಗ್ ಲಾಕ್ ಆಗಬಹುದು.

ಸವೆದ ಕ್ರಾಸ್ ಶಾಫ್ಟನ್ನು ನಡುರೇಖೆಯಿಂದ ಸರಿಸಿ ಕಂಪನ ಹುಟ್ಟಿಸುತ್ತದೆ. ಆದರೆ ಶಾಫ್ಟ್ ಈಚೆಗೆ ಬಿಚ್ಚಿ ಜೋಡಿಸಿದ್ದಾಗಿದ್ದರೆ ನಾನು ಮೊದಲು ನೋಡುವುದು ಯೋಕ್‌ಗಳ ಹೊಂದಿಕೆಯನ್ನು. ಕೋನದಲ್ಲಿ ತಿರುಗುವ ಕ್ರಾಸ್ ವೇಗವನ್ನು ಒಂದೇ ಸಮ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. 10 ಡಿಗ್ರಿ ಕೋನದಲ್ಲಿ ಈ ಏರಿಳಿತ ಎರಡೂ ಕಡೆ ಸುಮಾರು ಶೇ. 1.5, 20 ಡಿಗ್ರಿಯಲ್ಲಿ ಶೇ. 6. ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿ ಇದ್ದರೆ, ಎರಡೂ ಕೋನಗಳು ಸಮವಿದ್ದರೆ, ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಜಾರುವ ಸ್ಪ್ಲೈನನ್ನು ಒಂದು ಹಲ್ಲು ಆಚೀಚೆ ಸೇರಿಸಿದರೂ ಈ ಲೆಕ್ಕ ತಪ್ಪುತ್ತದೆ. ಬಹಳಷ್ಟು ಶಾಫ್ಟ್‌ಗಳ ಮೇಲೆ ಇದಕ್ಕೆಂದೇ ಬಾಣದ ಗುರುತು ಇರುತ್ತದೆ. ಸೆಂಟರ್ ಬೇರಿಂಗ್ ಇರುವ ಕಾರಾದರೆ ಅದರ ರಬ್ಬರ್ ಜೋತುಬಿದ್ದಿದೆಯೇ ಎಂದು ಕೈಯಿಂದ ಎತ್ತಿ ನೋಡಿ.

ಲಕ್ಷಣ: ತಿರುವಿನಲ್ಲಿ ಹಿಂಬದಿ ಪಕ್ಕಕ್ಕೆ ಎಗರಿದಂತೆ

ಸದ್ದಿಗಿಂತ ಇದು ಗಂಭೀರ. ಇ-ಟೈಪ್‌ನಲ್ಲೂ 1963ರಿಂದ 1982ರವರೆಗಿನ ಕಾರ್ವೆಟ್‌ಗಳಲ್ಲೂ ಹಾಫ್ ಶಾಫ್ಟ್ ಬರೀ ಚಾಲನೆಯ ಕೊಂಡಿಯಲ್ಲ, ಸಸ್ಪೆನ್ಷನ್‌ನ ಮೇಲಿನ ತೋಳೂ ಅದೇ. ಕ್ರಾಸ್ ಸವೆದಷ್ಟೂ ಚಕ್ರದ ಮೇಲ್ಭಾಗ ಒಳಗೆ ಹೊರಗೆ ಓಲಾಡುತ್ತದೆ, ಕಾಲು ತೆಗೆದಾಗ ಒಂದು ಬಗೆ, ಒತ್ತಿದಾಗ ಇನ್ನೊಂದು ಬಗೆ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಬೇರೆ ಕಾರುಗಳಲ್ಲಿ ಹೀಗೆ ಸಿಗುವ ಪ್ಲೇ ಸಾಮಾನ್ಯವಾಗಿ ಚಕ್ರದ ಬೇರಿಂಗ್‌ನದು. ಇವುಗಳಲ್ಲಿ ಮಾತ್ರ ಬೇರಿಂಗ್ ಬದಲಾಯಿಸುವ ಮುನ್ನ, ಚಕ್ರ ಓಲಾಡುವಾಗ ಕ್ರಾಸ್‌ಗಳ ಮೇಲೆ ಬೆರಳಿಟ್ಟು ನೋಡಲೇಬೇಕು. ಇ-ಟೈಪ್‌ನಲ್ಲಿ ಈ ಕ್ರಾಸ್ ಮುರಿದರೆ ಚಕ್ರದ ಚಾಲನೆ, ಬ್ರೇಕ್, ನಿಲುವು ಮೂರೂ ಒಟ್ಟಿಗೆ ಹೋಗುತ್ತವೆ.

ಟಿಆರ್6ರ ಕಥೆ ಬೇರೆ. ಅಲ್ಲಿ ಜಾರಬೇಕಾದ ಸ್ಪ್ಲೈನ್ ಬಲ ಬಿದ್ದಾಗ ಕಚ್ಚಿಕೊಂಡು, ಕಾಲು ತೆಗೆದಾಗ ಥಟ್ಟನೆ ಬಿಡುತ್ತದೆ, ಹಿಂಬದಿ ಎಗರುತ್ತದೆ. ಒಣಗಿದ್ದರೆ ಬಿಚ್ಚಿ ತೊಳೆದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಗ್ರೀಸ್ ಹಾಕಿ. ಹಲ್ಲುಗಳಲ್ಲಿ ಮೆಟ್ಟಿಲಿನಂತೆ ಸವೆತ ಕೈಗೆ ಸಿಕ್ಕರೆ ಗ್ರೀಸ್ ಉಪಯೋಗಕ್ಕಿಲ್ಲ.

ಲಕ್ಷಣ: ಬಿರುಕು ಬಿಟ್ಟ ರಬ್ಬರ್, ಸುತ್ತ ಚಿಮ್ಮಿದ ಗ್ರೀಸ್

ರಬ್ಬರ್ ಕಪ್ಲಿಂಗ್‌ಗಳನ್ನು ಶಾಫ್ಟ್ ನಿಧಾನ ತಿರುಗಿಸುತ್ತಾ ಪೂರ್ತಿ ಸುತ್ತ ನೋಡಬೇಕು. ಮೇಲ್ಮೈಯ ಸಣ್ಣ ಗೀರುಗಳು ವಯಸ್ಸಿನವು. ಬೋಲ್ಟ್ ತೂತಿನಿಂದ ಹೊರಟ ಆಳ ಬಿರುಕು, ಲೋಹದಿಂದ ರಬ್ಬರ್ ಬಿಟ್ಟುಕೊಂಡಿರುವುದು, ಎಣ್ಣೆ ಕುಡಿದು ಉಬ್ಬಿರುವುದು, ಈ ಮೂರರಲ್ಲಿ ಯಾವುದು ಕಂಡರೂ ಓಡಿಸಬೇಡಿ. ಎಲಾನ್‌ನಲ್ಲಿ ಕ್ಲಚ್ ಬಿಡುವಾಗ ಕಾರು ಮುಲುಗುಟ್ಟಿದಂತೆ ಜಗ್ಗುವುದು ಮಾತ್ರ ದೋಷವಲ್ಲ. ಹೊಸ ರಬ್ಬರ್ ಇದ್ದರೂ ಅದು ತಿರುಚಿಕೊಂಡು ಬಿಡುತ್ತದೆ. ಹೊಸ ಕಪ್ಲಿಂಗ್ ಸುತ್ತ ಬಿಗಿದು ಬರುವ ಲೋಹದ ಪಟ್ಟಿಯನ್ನು ಎಲ್ಲ ಬೋಲ್ಟ್ ಹಾಕಿದ ಮೇಲೆಯೇ ಕತ್ತರಿಸಿ.

ಕ್ರಾಸ್ ಬದಲು ಸಿ.ವಿ. ಜಾಯಿಂಟ್ (ಕೋನದಲ್ಲೂ ವೇಗವನ್ನು ಒಂದೇ ಸಮ ದಾಟಿಸುವ ಗುಂಡುಗಳ ಜಾಯಿಂಟ್) ಇರುವ ಕಾರುಗಳಲ್ಲಿ ಚಕ್ರದ ಒಳಬದಿಗೋ ಸೈಲೆನ್ಸರ್ ಮೇಲೋ ಕಪ್ಪು ಗ್ರೀಸ್ ಸಿಡಿದಿದ್ದರೆ ರಬ್ಬರ್ ಬೂಟ್ ಹರಿದಿದೆ. ಸದ್ದು ಇನ್ನೂ ಇಲ್ಲ ಎಂದಾದರೆ ಬಿಚ್ಚಿ, ತೊಳೆದು, ಗುಂಡುಗಳ ದಾರಿಯಲ್ಲಿ ಗುಳಿ ಇಲ್ಲವೆಂದು ನೋಡಿ, ಹೊಸ ಗ್ರೀಸ್ ಮತ್ತು ಬೂಟ್ ಹಾಕಿದರೆ ಜಾಯಿಂಟ್ ಉಳಿಯುತ್ತದೆ. ‘ಕಟ ಕಟ’ ಶುರುವಾಗಿದ್ದರೆ ತಡವಾಗಿದೆ.

ಕೊನೆಯ ಪರೀಕ್ಷೆ: ಶಾಫ್ಟ್ ಬಿಚ್ಚಿ ನೋಡುವುದು

ಪ್ಲೇ ಇಲ್ಲದೆಯೂ ಕ್ರಾಸ್ ಕೆಟ್ಟಿರಬಹುದು. ಅದು ತಿಳಿಯುವುದು ಶಾಫ್ಟ್ ಕೈಗೆ ಬಂದಾಗ ಮಾತ್ರ. ಬಿಚ್ಚುವ ಮುನ್ನ ಎರಡೂ ಫ್ಲಾಂಜ್‌ಗಳ ಮೇಲೆ ಬಣ್ಣದಿಂದ ಒಂದೇ ಗೆರೆ ಎಳೆಯಿರಿ, ಇದ್ದಂತೆಯೇ ಮರಳಿ ಕೂರಬೇಕು. ಇ-ಟೈಪ್‌ನ ಹಾಫ್ ಶಾಫ್ಟ್ ಆದರೆ ಫ್ಲಾಂಜ್ ಬಳಿ ಇರುವ ತೆಳು ಶಿಮ್‌ಗಳನ್ನು ಬದಿವಾರು ಎಣಿಸಿ ಕಟ್ಟಿಡಿ, ಚಕ್ರದ ಕ್ಯಾಂಬರ್, ಅಂದರೆ ಒಳಗೆ ಹೊರಗೆ ವಾಲುವ ಕೋನ ನಿರ್ಧರಿಸುವುದು ಅವೇ. ಭಾರವಾದ ಶಾಫ್ಟನ್ನು ಒಂದು ತುದಿಯಲ್ಲಿ ನೇತಾಡಲು ಬಿಡಬೇಡಿ.

ಈಗ ಯೋಕನ್ನು ಎರಡೂ ದಿಕ್ಕಿಗೆ ನಿಧಾನ ಬಾಗಿಸಿ. ಒಳ್ಳೆಯ ಕ್ರಾಸ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ಒಂದೇ ಸಮ ಚಲಿಸುತ್ತದೆ. ನೇರ ಸ್ಥಿತಿಗೆ ಬಂದಾಗ ‘ಕಟ್’ ಎಂದು ಗುಳಿಯಲ್ಲಿ ಕೂತಂತಾದರೆ ಸೂಜಿಗಳು ಕ್ರಾಸ್‌ನ ಕಾಲಿನಲ್ಲಿ ಗೆರೆ ಕೊರೆದಿವೆ. ಒಂದು ದಿಕ್ಕಿನಲ್ಲಿ ಸಲೀಸು, ಇನ್ನೊಂದರಲ್ಲಿ ಬಿಗಿ ಇದ್ದರೂ ಅದು ಆಯುಷ್ಯ ಮುಗಿದ ಜಾಯಿಂಟ್.

ಬದಲಾಯಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಗಟ್ಟಿ ಉಕ್ಕಿನ ಕಪ್‌ಗೆ ಸುತ್ತಿಗೆ ಬಿದ್ದಾಗ ಚೂರು ಸಿಡಿಯುತ್ತದೆ. ಸಾಧ್ಯವಿದ್ದರೆ ಸುತ್ತಿಗೆ ಬಿಟ್ಟು ಪ್ರೆಸ್ ಅಥವಾ ಗಟ್ಟಿ ವೈಸ್ ಬಳಸಿ. ಹೊಸ ಕಪ್ ಪೂರ್ತಿ ಕೂರದೆ ಅದನ್ನು ತಡೆದಿಡುವ ಉಂಗುರ, ಅಂದರೆ ಸರ್ಕ್ಲಿಪ್ ಹಿಡಿಯದಿದ್ದರೆ ಒತ್ತಡ ಹೆಚ್ಚಿಸಬೇಡಿ: ಒಳಗೊಂದು ಸೂಜಿ ಅಡ್ಡ ಬಿದ್ದಿದೆ, ಬಿಚ್ಚಿ ಎತ್ತಿ ನಿಲ್ಲಿಸಿ. ಕಪ್ ಕೈಯಿಂದಲೇ ಒಳಗೆ ಜಾರುವಷ್ಟು ಯೋಕ್‌ನ ತೂತು ಅಗಲವಾಗಿದ್ದರೆ ಯೋಕ್ ಹೋಗಿದೆ. ಅಂಟು, ವೆಲ್ಡಿಂಗ್‌ಗಳಿಂದ ಅದನ್ನು ಉಳಿಸುವ ಪ್ರಯತ್ನ ಬೇಡ. ನಿಪ್ಪಲ್ ಇರುವ ಕ್ರಾಸ್‌ನ ಒಳಗೆ ಗ್ರೀಸ್ ದಾರಿ ಕೊರೆದಿರುವುದರಿಂದ ಗಟ್ಟಿತನ ಸ್ವಲ್ಪ ಕಡಿಮೆ. ಕಾರನ್ನು ಬಿರುಸಾಗಿ ಓಡಿಸುವವರು ಮುಚ್ಚಿದ ಬಗೆಯದನ್ನು ಆರಿಸಬಹುದು. ಎರಡು–ಮೂರು ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿಯುವ ಅಭ್ಯಾಸ ಇರುವವರಿಗೆ ನಿಪ್ಪಲ್ ಇರುವುದೇ ಒಳ್ಳೆಯದು.

ಕಾರು ಅಲ್ಲೇ ನಿಲ್ಲಿಸಿ, ನೆರವು ಕರೆಯಿರಿ

‘ಟಕ್’ ಸದ್ದು ಒಂದೊಂದಾಗಿ ಬರುವುದು ಬಿಟ್ಟು ವೇಗದ ಜೊತೆ ಸತತ ಬಡಿತವಾದರೆ, ನಡುಕ ದಿಢೀರನೆ ಹೆಚ್ಚಿದರೆ, ಕಪ್ ಅಥವಾ ಸರ್ಕ್ಲಿಪ್ ಜಾಗದಲ್ಲಿ ಇಲ್ಲದಿದ್ದರೆ ನಿಧಾನವಾಗಿ ಮನೆಗೆ ಓಡಿಸಿಕೊಂಡು ಹೋಗುವ ಯೋಚನೆಯನ್ನೂ ಮಾಡಬೇಡಿ. ಮುರಿದ ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ತುದಿ ಕೆಳಗೆ ಬಿದ್ದರೆ ರಸ್ತೆಗೆ ನಾಟುತ್ತದೆ. ಮೇಲಕ್ಕೆ ಬಡಿದರೆ ಅದರ ಪಕ್ಕದಲ್ಲೇ ಬ್ರೇಕ್ ಪೈಪ್‌ಗಳೂ ನಿಮ್ಮ ಕಾಲುಗಳೂ ಇರುತ್ತವೆ. ಇಂಥ ಕಾರನ್ನು ಹಿಂದಿನ ಚಕ್ರ ನೆಲಕ್ಕಿಟ್ಟು ಎಳೆಸಿದರೂ ಶಾಫ್ಟ್ ತಿರುಗುತ್ತದೆ, ಆದ್ದರಿಂದ ನಾಲ್ಕೂ ಚಕ್ರ ಮೇಲೇರುವ ಲಾರಿಯೇ ಬೇಕು.

ಎಲ್ಲ ಕ್ರಾಸ್ ಹೊಸದಾಗಿ, ಬ್ಯಾಲೆನ್ಸ್ ಆಗಿ, ಯೋಕ್ ಹೊಂದಿಕೆ ಸರಿಯಿದ್ದೂ ‘ಟಕ್’ ಉಳಿದರೆ, ಪಿನಿಯನ್ ಫ್ಲಾಂಜ್ ಮೇಲೆ ಕೆಳಗೆ ಅಲುಗಿದರೆ, ಇಲ್ಲವೇ ಗೊಣಗುವ ಸದ್ದು ವೇಗದೊಂದಿಗೆ ಏರಿದರೆ, ಈಗ ಡಿಫರೆನ್ಷಿಯಲ್ ಬಿಚ್ಚಿಸುವುದಕ್ಕೆ ಕಾರಣ ಸಿಕ್ಕಿತು. ಆ ಕೆಲಸ ಡಯಲ್ ಗೇಜ್ ಇಟ್ಟುಕೊಂಡು ಹಲ್ಲುಗಳ ಪ್ಲೇ ಅಳೆಯಬಲ್ಲ ತಜ್ಞರಿಗೆ ಬಿಡಿ. ಒಯ್ಯುವಾಗ ನಿಮ್ಮ ವಿಡಿಯೋವನ್ನೂ ತೋರಿಸಿ.